ಪೂಲ್ ನೀರು ಚೆಲ್ಲಬ್ಯಾಡ್ರಿ, ಲೆಕ್ಕ ಹಾಕ್ರಿ: ಮನೆ ಈಜುಕೊಳದ ಕೆಮಿಕಲ್ ಬ್ಯಾಲೆನ್ಸ್

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದಲಿಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

00:00 – ಯಾಕ್ ಈ ವಿಷಯ?

ಇಯರ್‌ಫೋನ್ ಹಾಕೊಂಡು ಬಸ್ಸಿನ್ಯಾಗ ಕುಂತವರಿಗೂ, ಹೊಲದಾಗ ನೆರಳು ಹುಡುಕ್ಲಕತ್ತವರಿಗೂ ಸ್ವಾಗತ.

ಇವತ್ತಿನ ವಿಷಯ ಕೇಳಿ ಕೆಲವರು ನಗಬಹುದು. ಮನೆಯ ಸ್ವಿಮ್ಮಿಂಗ್ ಪೂಲ್! ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕಿನಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಊರುಗಳಿವೆ, ಅದರಾಗ ಪೂಲ್ ಏನ್ರಿ ಅಂತ. ಪ್ರಶ್ನೆ ಸರಿಯಾಗೇ ಇದೆ. ಅದಕ್ಕೇ ಈ ಎಪಿಸೋಡ್ ಮಾಡಿದ್ದು.

ಮೊದಲು ಒಂದು ಮಾತು. ನೀರಿನಲ್ಲಿ ಇಳಿಯುವ ಆಸೆ ಈ ಕಡೆ ಹೊಸದಲ್ಲ. ಭೀಮಾ ದಂಡೆಯ ಫಿರೋಜಾಬಾದ್‌ನಲ್ಲಿ, 1400ರ ಆಸುಪಾಸಿನಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಿದ ಊರಿನ ಅವಶೇಷಗಳಲ್ಲಿ ಹಮಾಮ್‌ಗಳು, ಅಂದರೆ ಸ್ನಾನಗೃಹಗಳು, ಇಂದಿಗೂ ಕಾಣುತ್ತವೆ. ದೇವಲ ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗಿ ಎದ್ದು ದತ್ತನ ದರ್ಶನಕ್ಕೆ ಹೋಗುವವರು ಬಹಳ. ಈಗ ಬದಲಾಗಿದ್ದು ಇಷ್ಟೇ: ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಪ್ಲಾಸ್ಟಿಕ್ ಪೂಲ್ ಮನೆ ಬಾಗಿಲಿಗೆ ಬರುತ್ತದೆ. ಹೊಲದಲ್ಲಿ ಬೋರ್ ಇದ್ದವರು ಸಿಮೆಂಟ್ ತೊಟ್ಟಿ ಕಟ್ಟಿಸಿ ಪೂಲ್ ಅನ್ನುತ್ತಾರೆ. ಏಪ್ರಿಲ್–ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ಮಕ್ಕಳಿಗೆ ರಜೆ. ಬ್ಯಾಡ ಅಂದ್ರ ಕೇಳ್ತಾರೇನ್ರಿ?

ಈಗ ಲೆಕ್ಕ. ನಾನು ಓದಿದ್ದು ಬಿ.ಕಾಂ, ಕೆಮಿಸ್ಟ್ರಿ ಅಲ್ಲ. ಆದರೆ ಪೂಲ್‌ನ ಕೆಮಿಸ್ಟ್ರಿ ಅರ್ಧಕ್ಕಿಂತ ಹೆಚ್ಚು ಜಮಾ–ಖರ್ಚೇ.

6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳದ ತೊಟ್ಟಿ ತಗೊಳ್ರಿ. ಮೂರನ್ನೂ ಗುಣಿಸಿದರೆ 21.6 ಘನ ಮೀಟರ್, ಅಂದರೆ 21,600 ಲೀಟರ್. ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ ಸಿಗಬೇಕಾದ ನೀರು 55 ಲೀಟರ್. ಈ ಒಂದು ತೊಟ್ಟಿ ತುಂಬಿಸುವ ನೀರು ಸುಮಾರು 390 ಜನರ ಒಂದು ದಿನದ ಪಾಲು. ಐದು ಜನರ ಒಂದು ಮನೆಗೆ 78 ದಿನದ ನೀರು.

2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಭೀಮಾ ಒಣಗಿದಾಗ, ಉಜನಿ ಜಲಾಶಯದಿಂದ ನೀರು ಬಿಡಿಸ್ರಿ ಅಂತ ಅಫಜಲಪುರದಲ್ಲಿ ಹೋರಾಟ ನಡೆದದ್ದು ನಿಮಗೆ ನೆನಪಿರಬೇಕು. ಅಂಥ ಜಾಗದಲ್ಲಿ ಹಸಿರಾಯಿತು ಅಂತ ವಾರಕ್ಕೊಮ್ಮೆ ಪೂಲ್ ಖಾಲಿ ಮಾಡಿ ಮತ್ತೆ ತುಂಬಿಸುವುದು ತಪ್ಪು. ಇಡೀ ಬೇಸಿಗೆ ಒಂದೇ ನೀರನ್ನು ಚೊಕ್ಕಾಗಿ ಇಟ್ಟುಕೊಳ್ಳಲಿಕ್ಕೆ ಬರುತ್ತದೆ ಅಂದರೆ ಮಾತ್ರ ಪೂಲ್ ಮಾಡ್ರಿ. ಬರಲಿಲ್ಲ ಅಂದರೆ ಮಕ್ಕಳಿಗೆ ಒಂದು ಬಕೀಟು, ಒಂದು ಚೆಂಬು ಸಾಕು. ಒಂದೇ ನೀರನ್ನು ಇಟ್ಟುಕೊಳ್ಳುವ ವಿದ್ಯೆಗೇ ಕೆಮಿಕಲ್ ಬ್ಯಾಲೆನ್ಸ್ ಅಂತಾರೆ.

ಮೂರು ತಾಲೂಕಿನಿಂದ ಮೂರು ವಾಯ್ಸ್ ನೋಟ್ ಬಂದಿವೆ. ಅವನ್ನೇ ಹಿಡಿದು ಹೋಗೋಣ.

02:40 – ಮೊದಲು ಒಂದು ಸೂತ್ರ

ಒಂದೇ ಸೂತ್ರ ನೆನಪಿಟ್ಟರೆ ಮುಂದಿನದೆಲ್ಲ ಸುಲಭ. 1000 ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ ಅದು 1 ಪಿಪಿಎಂ. ಹತ್ತು ಲಕ್ಷದಲ್ಲಿ ಒಂದು ಭಾಗ. ಅಷ್ಟೇ.

ಮನೆಯ ಪೂಲ್‌ನಲ್ಲಿ ಇರಬೇಕಾದ ಅಂಕಿಗಳು ಇವು. ಸ್ಕ್ರೀನ್‌ಶಾಟ್ ತಗೊಳ್ರಿ.

ಪಿಎಚ್: 7.2ರಿಂದ 7.8.
ಫ್ರೀ ಕ್ಲೋರಿನ್: 1ರಿಂದ 3 ಪಿಪಿಎಂ.
ಟೋಟಲ್ ಆಲ್ಕಲಿನಿಟಿ: 80ರಿಂದ 120 ಪಿಪಿಎಂ.
ಕ್ಯಾಲ್ಸಿಯಂ ಗಡಸುತನ: 200ರಿಂದ 400 ಪಿಪಿಎಂ.
ಸಯನ್ಯೂರಿಕ್ ಆಸಿಡ್: ಬಿಸಿಲಿಗೆ ತೆರೆದ ಪೂಲ್ ಆಗಿದ್ದರೆ 30ರಿಂದ 50 ಪಿಪಿಎಂ.

ಐದು ಖಾತೆ. ಒಂದು ಏರುಪೇರಾದರೆ ಇನ್ನೊಂದು ಅಲುಗಾಡುತ್ತದೆ. ಅಳೆಯದೆ ಕೆಮಿಕಲ್ ಹಾಕುವುದು ಪಾಸ್‌ಬುಕ್ ನೋಡದೆ ಚೆಕ್ ಬರೆದ ಹಾಗೆ. ಡಿಪಿಡಿ ಅನ್ನುವ ಟೆಸ್ಟ್ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಳದಿ ಬಣ್ಣ ಬರುವ ಆರ್ಥೋಟೊಲಿಡಿನ್ ಕಿಟ್ ಅಗ್ಗ, ಆದರೆ ಅದು ತೋರಿಸುವುದು ಒಟ್ಟು ಕ್ಲೋರಿನ್. ಕೆಲಸಕ್ಕೆ ಬರುವ ಕ್ಲೋರಿನ್ ಎಷ್ಟು ಅನ್ನುವುದು ಅದರಲ್ಲಿ ಬೇರೆಯಾಗಿ ತಿಳಿಯುವುದಿಲ್ಲ. ಈ ವ್ಯತ್ಯಾಸ ಮೂರನೇ ಪ್ರಶ್ನೆಯಲ್ಲಿ ಬರುತ್ತದೆ.

04:30 – ಆಳಂದದ ಪ್ರಶ್ನೆ: ನೀರು ಹಸಿರು ಯಾಕೆ?

"ಅಣ್ಣಾ, ಮೊಬೈಲ್‌ನ್ಯಾಗ ಆರ್ಡರ್ ಮಾಡಿ ಪೂಲ್ ತರಿಸೀವಿ. ಹತ್ತು ಫೂಟಿಂದು, ರೌಂಡ್. ನಾಲ್ಕ್ ದಿನಕ್ಕ ನೀರು ಹಸರ ಆಗ್ಲಕತ್ತದ. ಮುಂಜಾನಿ ಕ್ಲೋರಿನ್ ಹಾಕ್ತೀವಿ, ಸಂಜಿಕಿ ಟೆಸ್ಟ್ ಮಾಡಿದ್ರ ಝೀರೋ ತೋರಸ್ತದ. ಡುಪ್ಲಿಕೇಟ್ ಮಾಲ್ ಏನು?"

ಮಾಲು ಡುಪ್ಲಿಕೇಟೇ ಆಗಿರಬೇಕಂತಿಲ್ಲ ತಮ್ಮಾ. ಅದನ್ನ ಸೂರ್ಯ ತಿಂದಿದ್ದಾನೆ.

ಕ್ಲೋರಿನ್ ನೀರಿಗೆ ಬಿದ್ದ ಮೇಲೆ ಎರಡು ರೂಪದಲ್ಲಿ ಇರುತ್ತದೆ. ಒಂದು ಹೈಪೋಕ್ಲೋರಸ್ ಆಸಿಡ್. ಇದು ಕೆಲಸಗಾರ, ರೋಗಾಣುವಿನ ಗೋಡೆ ದಾಟಿ ಒಳಗೆ ಹೋಗಿ ಕೊಲ್ಲುತ್ತದೆ. ಇನ್ನೊಂದು ಹೈಪೋಕ್ಲೋರೈಟ್ ಅಯಾನ್. ಇದು ಮೈಗಳ್ಳ. ಕೊಲ್ಲುವ ಶಕ್ತಿ ಬಹಳ ಕಡಿಮೆ, ಮೇಲಾಗಿ ಬಿಸಿಲಿಗೆ ಬೇಗ ಒಡೆದು ಹೋಗುತ್ತದೆ. ಯಾವುದು ಎಷ್ಟು ಇರಬೇಕು ಅಂತ ತೀರ್ಮಾನಿಸುವುದು ಪಿಎಚ್.

ಪಿಎಚ್ 7.2 ಇದ್ದರೆ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸಗಾರ. 7.5ಕ್ಕೆ ಅರ್ಧಕ್ಕರ್ಧ. 8ಕ್ಕೆ ನಾಲ್ಕರಲ್ಲಿ ಒಂದು ಪಾಲು. 8.5ಕ್ಕೆ ಹತ್ತರಲ್ಲಿ ಒಂದು ಪಾಲು. ಅಂದರೆ ನೂರು ರೂಪಾಯಿಯ ಕ್ಲೋರಿನ್ ಹಾಕಿ ಹತ್ತು ರೂಪಾಯಿಯ ಕೆಲಸ ಮಾಡಿಸಿಕೊಂಡ ಹಾಗೆ. ನಮ್ಮ ಕಡೆಯ ಬೋರ್ ನೀರು ತುಂಬಿಸಿ ಎರಡು ದಿನ ಬಿಟ್ಟರೆ ಪಿಎಚ್ 8 ದಾಟುವುದು ಅಪರೂಪವಲ್ಲ. ಅದು ಯಾಕೆ ಅಂತ ಅಫಜಲಪುರದ ಪ್ರಶ್ನೆಯಲ್ಲಿ ಹೇಳ್ತೀನಿ.

ಎರಡನೆಯದು ಬಿಸಿಲು. ಯಾವ ರಕ್ಷಣೆಯೂ ಇಲ್ಲದ ಕ್ಲೋರಿನ್ ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಅರ್ಧ ಕರಗಬಹುದು. ಮುಂಜಾನೆ 3 ಪಿಪಿಎಂ ಹಾಕಿದರೆ ಸಂಜೆಗೆ ಸೊನ್ನೆ. ಹುಡುಗರು ನೀರಿಗೆ ಇಳಿಯುವುದು ಯಾವಾಗ? ಸಂಜೆಗೇ. ಪಾಚಿ ಬೆಳೆಯಲಿಕ್ಕೂ ಅದೇ ಹೊತ್ತು ಸಾಕು.

ಪರಿಹಾರ ಹೀಗೆ. ಈ ರೌಂಡ್ ಪೂಲ್‌ನ ಅಡ್ಡಳತೆ 3 ಮೀಟರ್, ನೀರಿನ ಆಳ 65 ಸೆಂಟಿಮೀಟರ್ ಅಂತ ಹಿಡಿದರೆ ಸುಮಾರು 4,600 ಲೀಟರ್ ಆಗುತ್ತದೆ.

ಒಂದು, ಮೊದಲು ಪಿಎಚ್ ಅನ್ನು 7.4ರ ಹತ್ತಿರ ಇಳಿಸ್ರಿ. ಅದಕ್ಕಿಂತ ಮೊದಲು ಕ್ಲೋರಿನ್ ಸುರಿದರೆ ದಂಡ.

ಎರಡು, ಗೋಡೆ, ತಳ ಎಲ್ಲ ಬ್ರಷ್‌ನಿಂದ ತಿಕ್ರಿ. ಪಾಚಿ ಅಂಟಿಕೊಂಡಿದ್ದರೆ ಕ್ಲೋರಿನ್ ಮೇಲ್ಪದರಕ್ಕಷ್ಟೇ ತಾಗುತ್ತದೆ.

ಮೂರು, ಹೊತ್ತು ಮುಳುಗಿದ ಮೇಲೆ 10 ಪಿಪಿಎಂ ಕ್ಲೋರಿನ್ ಹಾಕ್ರಿ. ಇದಕ್ಕೆ ಶಾಕ್ ಅಂತಾರೆ. 4,600 ಲೀಟರಿಗೆ 46 ಗ್ರಾಂ ಕ್ಲೋರಿನ್ ಬೇಕು. ಡಬ್ಬಿಯ ಮೇಲೆ 65 ಪರ್ಸೆಂಟ್ ಅಂತ ಬರೆದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 46 ಭಾಗಿಸು 0.65, ಅಂದರೆ ಸುಮಾರು 71 ಗ್ರಾಂ. ರಾತ್ರಿ ಎಲ್ಲ ಫಿಲ್ಟರ್ ಓಡಲಿ.

ನಾಲ್ಕು, ನೀರು ತಿಳಿಯಾದ ಮೇಲೆ ಸಯನ್ಯೂರಿಕ್ ಆಸಿಡ್ ಒಂದೇ ಒಂದು ಸಲ, 30 ಪಿಪಿಎಂ. 30 ಗುಣಿಸು 4.6, ಅಂದರೆ 138 ಗ್ರಾಂ. ಇದು ಕ್ಲೋರಿನ್‌ಗೆ ಬಿಸಿಲಿನ ಕೊಡೆ ಇದ್ದ ಹಾಗೆ. ಹೆಸರಿನಲ್ಲಿ ಆಸಿಡ್ ಇದ್ದರೂ ಪಿಎಚ್ ಇಳಿಸಲಿಕ್ಕೆ ಇದನ್ನು ಬಳಸಬ್ಯಾಡ್ರಿ.

ಒಂದು ಎಚ್ಚರಿಕೆ. ಟಿಸಿಸಿಎ ಅಂತ ಬಿಳಿ ಗುಳಿಗೆ ಸಿಗುತ್ತವೆ. ಸುಮಾರು 90 ಪರ್ಸೆಂಟ್ ಕ್ಲೋರಿನ್, ಬಳಸಲಿಕ್ಕೆ ಸುಲಭ. ಆದರೆ ಆ ಗುಳಿಗೆ 1 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ 0.6 ಪಿಪಿಎಂ ಸಯನ್ಯೂರಿಕ್ ಆಸಿಡ್ ನೀರಿನಲ್ಲಿ ಬಿಟ್ಟು ಹೋಗುತ್ತದೆ. ದಿನಕ್ಕೆ 2 ಪಿಪಿಎಂ, 60 ದಿನ ಅಂದರೆ 120 ಪಿಪಿಎಂ ಕ್ಲೋರಿನ್. ಅದರ ಹಿಂದೆ 72 ಪಿಪಿಎಂ ಸಯನ್ಯೂರಿಕ್. ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ಜಮಾ ಆಗುತ್ತಲೇ ಹೋಗುತ್ತದೆ. ಜಾಸ್ತಿ ಆದರೆ ಕೊಡೆಯೇ ದೊಡ್ಡದಾಗಿ ಕ್ಲೋರಿನ್ ಕೆಲಸಕ್ಕೆ ಹೊರಗೆ ಬರುವುದಿಲ್ಲ. ಆಗ ಇರುವ ದಾರಿ ಒಂದೇ, ಒಂದಿಷ್ಟು ನೀರು ಚೆಲ್ಲಿ ಹೊಸ ನೀರು ತುಂಬಿಸುವುದು. ನಾವು ಬ್ಯಾಡ ಅಂದದ್ದೇ ಅದು. ಅದಕ್ಕೇ ಗುಳಿಗೆಯನ್ನು ಊರಿಗೆ ಹೋದಾಗ ಎರಡು ದಿನದ ಮಟ್ಟಿಗೆ ಇಟ್ಟುಕೊಳ್ರಿ, ದಿನಬಳಕೆಗೆ ಬ್ಯಾಡ.

08:50 – ಅಫಜಲಪುರದ ಪ್ರಶ್ನೆ: ನೀರು ಹಾಲಿನಂಗ ಯಾಕಾಯ್ತು?

"ತಮ್ಮಾ, ಹೊಲದಾಗ ಸಿಮೆಂಟ್ ತೊಟ್ಟಿ ಕಟ್ಟಿಸೀನಿ, ಮೊಮ್ಮಕ್ಕಳ ಸಲುವಾಗಿ. ಬೋರ್ ನೀರು. ಬ್ಲೀಚಿಂಗ್ ಪೌಡರ್ ಹಾಕಿದ್ರ ನೀರು ಹಾಲಿನಂಗ ಬೆಳ್ಳಗ ಆಗ್ತದ. ಪೈಪಿಗಿ, ಗೋಡಿಗಿ ಬಿಳಿ ಪಕಳಿ ಹಿಡದದ."

ಕಾಕಾ, ನಿಮ್ಮ ಬೋರ್ ನೀರಿನಾಗ ತೊಗರಿ ಬ್ಯಾಳಿ ಬೇಯ್ತದೇನ್ರಿ? ಸಾಬೂನಿಗೆ ನೊರೆ ಬರ್ತದೇನು? ಬರೂದಿಲ್ಲ ಅಂದ್ರ ಉತ್ತರ ಅಲ್ಲೇ ಇದೆ.

ಆಳಂದ, ಅಫಜಲಪುರದ ಕಪ್ಪು ಮಣ್ಣಿನ ಕೆಳಗೆ ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ. ಜೇವರ್ಗಿ ಕಡೆ ಬಂದರೆ ಸುಣ್ಣದ ಕಲ್ಲಿನ ಪದರವೂ ಸಿಗುತ್ತದೆ. ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲೇ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿಸಿಕೊಂಡು ಕೆಳಗಿಳಿಯುತ್ತದೆ. ಬೋರ್‌ನಿಂದ ಮೇಲೆ ಬರುವುದು ಅದೇ ನೀರು.

ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂದರೆ ಗಡಸುತನ. ಬೈಕಾರ್ಬೊನೇಟ್ ಅಂದರೆ ಆಲ್ಕಲಿನಿಟಿ. ಆಲ್ಕಲಿನಿಟಿ ಪಿಎಚ್‌ನ ಜಾಮೀನುದಾರ. ಅದು ಕಡಿಮೆ ಇದ್ದರೆ ಸ್ವಲ್ಪ ಆಸಿಡ್ ಬಿದ್ದರೂ ಪಿಎಚ್ ದಢ್ ಅಂತ ಬೀಳುತ್ತದೆ. ಜಾಸ್ತಿ ಇದ್ದರೆ ಎಷ್ಟು ಇಳಿಸಿದರೂ ಮತ್ತೆ ಏರುತ್ತದೆ. ಯಾಕಂದ್ರ ಬೋರ್ ನೀರು ಗಾಳಿಗೆ ತೆರೆದುಕೊಂಡ ಕೂಡಲೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗುತ್ತದೆ, ಸೋಡಾ ಬಾಟಲಿಯ ಗ್ಯಾಸ್ ಹೋದ ಹಾಗೆ. ಹುಳಿ ಹೋಯಿತು, ಪಿಎಚ್ ಏರಿತು. ಆಳಂದದ ಹುಡುಗನ ಪೂಲ್‌ನಲ್ಲಿ ಆದದ್ದೂ ಇದೇ.

ಪಿಎಚ್ ಏರಿದ ಮೇಲೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಕೂಡಿ ಸುಣ್ಣದ ಹರಳಾಗುತ್ತದೆ. ನೀರಿನಲ್ಲಿ ತೇಲಿದರೆ ಹಾಲಿನ ಬಣ್ಣ, ಗೋಡೆಗೆ ಕೂತರೆ ಬಿಳಿ ಪಕಳೆ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದಲ್ಲ, ಈ ಸುಣ್ಣದ್ದು ಉಲ್ಟಾ. ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಮನೆಯ ಗೀಸರ್ ಕಾಯಿಲ್ ಮೇಲೆ, ಸೋಲಾರ್ ಪೈಪಿನ ಒಳಗೆ ಬಿಳಿ ಪದರ ಕಟ್ಟುವುದು ಅದಕ್ಕೇ. ನಮ್ಮ ಮೇ ತಿಂಗಳಲ್ಲಿ ಪೂಲ್ ತಾನೇ ಒಂದು ಗೀಸರ್.

ಇದರ ಮೇಲೆ ಬ್ಲೀಚಿಂಗ್ ಪೌಡರ್. ಅದರಲ್ಲಿ ಕ್ಲೋರಿನ್ ಇರುವುದು ಮೂರರಲ್ಲಿ ಒಂದು ಪಾಲಿನಷ್ಟು, ಉಳಿದದ್ದರಲ್ಲಿ ಬಹಳಷ್ಟು ಸುಣ್ಣ. ಪಿಎಚ್‌ನೂ ಏರಿಸುತ್ತದೆ, ಕ್ಯಾಲ್ಸಿಯಂನೂ ಕೂಡಿಸುತ್ತದೆ. ಗಡಸು ನೀರಿಗೆ ಇನ್ನಷ್ಟು ಸುಣ್ಣ ಕಲಸಿದ ಹಾಗೆ.

ಏನ್ ಮಾಡಬೇಕು?

ಬ್ಲೀಚಿಂಗ್ ಪೌಡರ್ ಬಿಟ್ಟು ಲಿಕ್ವಿಡ್ ಸೋಡಿಯಂ ಹೈಪೋಕ್ಲೋರೈಟ್‌ಗೆ ಬರ್ರಿ. ಅದರಲ್ಲಿ ಸುಣ್ಣ ಇಲ್ಲ. ಆದರೆ ಕ್ಯಾನ್ ಬಿಸಿಲಿನಲ್ಲಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ, ಸ್ವಲ್ಪ ಸ್ವಲ್ಪ ತಂದು ನೆರಳಿನಲ್ಲಿಡ್ರಿ. ಬ್ಲೀಚಿಂಗ್ ಪೌಡರ್ ಒಂದೇ ಸಿಗುತ್ತದೆ ಅಂದರೆ ಪ್ಲಾಸ್ಟಿಕ್ ಬಕೀಟಿನ ನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಪೂಲಿಗೆ ಹಾಕ್ರಿ. ತಳದ ಸುಣ್ಣ ಬ್ಯಾಡ.

ಆಲ್ಕಲಿನಿಟಿ ಇಳಿಸಲಿಕ್ಕೆ ಆಸಿಡ್ ಬೇಕು. ಮನೆಗೆ ಡ್ರೈ ಆಸಿಡ್, ಅಂದರೆ ಸೋಡಿಯಂ ಬೈಸಲ್ಫೇಟ್ ಪುಡಿ ಒಳ್ಳೆಯದು, ಹೊಗೆ ಬರುವುದಿಲ್ಲ. 1000 ಲೀಟರಿಗೆ ಸುಮಾರು 24 ಗ್ರಾಂ ಹಾಕಿದರೆ ಆಲ್ಕಲಿನಿಟಿ 10 ಪಿಪಿಎಂ ಇಳಿಯುತ್ತದೆ. ನಮ್ಮ 21,600 ಲೀಟರ್ ತೊಟ್ಟಿಗೆ 10 ಪಿಪಿಎಂಗೆ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. 300 ಇದ್ದದ್ದನ್ನು 100ಕ್ಕೆ ತರಬೇಕಾದರೆ 10 ಕೆ.ಜಿ. ದಾಟುತ್ತದೆ! ಒಂದೇ ದಿನ ಹಾಕಬ್ಯಾಡ್ರಿ. ದಿನಾ ಅರ್ಧ ಕೆ.ಜಿ., ಮರುದಿನ ಟೆಸ್ಟ್, ಪಿಎಚ್ 7.2ಕ್ಕಿಂತ ಕೆಳಗೆ ಇದ್ದರೆ ಆ ದಿನ ನಿಲ್ಲಿಸೋದು. ಕನಿಷ್ಠ ಮೂರು ವಾರದ ಕೆಲಸ ಅದು. ಪಿಎಚ್ 7.2 ಮತ್ತು 7.6ರ ನಡುವೆ ನಿಂತಿದ್ದರೆ ಆಲ್ಕಲಿನಿಟಿ ಸ್ವಲ್ಪ ಹೆಚ್ಚೇ ಇದ್ದರೂ ನಡೆಯುತ್ತದೆ.

ಲಿಕ್ವಿಡ್ ಹೈಡ್ರೋಕ್ಲೋರಿಕ್ ಆಸಿಡ್ ತರುವುದಾದರೆ ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ, ಕೇಳಲೇಬೇಕು. ಆಸಿಡ್ ದಾಳಿ ತಡೆಯಲಿಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ನಿಯಮ ಅದು. ಇನ್ನೊಂದು ಮಾತು, ಪೂಲ್ ಸುತ್ತ ಶಹಾಬಾದ್ ಕಲ್ಲು ಹಾಸಿದ್ದರೆ ಆಸಿಡ್ ಹನಿ ಬಿದ್ದಲ್ಲೆಲ್ಲ ನೊರೆ ಎದ್ದು ಗುಳಿ ಬೀಳುತ್ತದೆ. ಸುಣ್ಣದ ಕಲ್ಲಲ್ಲ ಅದು?

ಈಗ ಯಾರೂ ಹೇಳದ ಲೆಕ್ಕ. ಈ ತೊಟ್ಟಿಯ ಮೇಲ್ಮೈ 18 ಚದರ ಮೀಟರ್. ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಇಂಗಿ ಹೋಯಿತು ಅಂದರೆ 144 ಲೀಟರ್ ಆವಿ. 60 ದಿನಕ್ಕೆ 8,640 ಲೀಟರ್. ಅಷ್ಟನ್ನು ಬೋರ್‌ನಿಂದ ಮತ್ತೆ ತುಂಬಿಸ್ತೀರಿ. ನೀರು ಆವಿಯಾಯಿತು, ಉಪ್ಪು ಆವಿಯಾಗಲಿಲ್ಲ. ನಿಮ್ಮ ನೀರಿನ ಗಡಸುತನ 500 ಇದ್ದರೆ ಎರಡು ತಿಂಗಳ ಕೊನೆಗೆ ಅದು 700. ಹೋದ ತಿಂಗಳ ಬಾಕಿ ಈ ತಿಂಗಳ ಖಾತೆಗೆ ಬಂದು ಕೂರುವ ಹಾಗೆ.

ಇದಕ್ಕೆ ಅಗ್ಗದ ಮದ್ದು ತಾಡಪತ್ರಿ. ಬಳಸದ ಹೊತ್ತಿನಲ್ಲಿ ಪೂಲ್ ಮುಚ್ರಿ. ಆವಿ ಕಡಿಮೆ, ಕ್ಲೋರಿನ್ ಉಳಿಯುತ್ತದೆ, ಹೊಲದ ಧೂಳು ಬೀಳುವುದಿಲ್ಲ, ಪಿಎಚ್‌ನೂ ನಿಧಾನ ಏರುತ್ತದೆ. ನಾಲ್ಕು ಕೆಲಸ ಒಂದೇ ತಾಡಪತ್ರಿಯಲ್ಲಿ. ಬಿಗಿಯಾಗಿ ಕಟ್ರಿ, ಮಕ್ಕಳು ಇಳಿಯುವ ಮೊದಲು ಪೂರ್ತಿ ತೆಗೀರಿ. ಅರ್ಧ ಮುಚ್ಚಿದ ಪೂಲ್‌ನಲ್ಲಿ ಮಗು ತಾಡಪತ್ರಿ ಕೆಳಗೆ ಸಿಕ್ಕರೆ ಕಾಣುವುದೇ ಇಲ್ಲ.

ತುಂಬಿಸುವ ಮೊದಲು ಬೋರ್ ನೀರು ಒಮ್ಮೆ ಪರೀಕ್ಷೆ ಮಾಡಿಸ್ರಿ. ಜಲ ಜೀವನ್ ಮಿಷನ್ ಅಡಿ ಜಿಲ್ಲಾ ಮಟ್ಟದ ಕುಡಿಯುವ ನೀರಿನ ಲ್ಯಾಬ್‌ಗಳನ್ನು ಜನರಿಗೂ ತೆರೆಯಲಾಗಿದೆ. ಆ ಒಂದು ಚೀಟಿಯಲ್ಲಿ ಗಡಸುತನ, ಆಲ್ಕಲಿನಿಟಿ, ಪಿಎಚ್ ಮೂರೂ ಇರುತ್ತವೆ. ಅದೇ ನಿಮ್ಮ ಓಪನಿಂಗ್ ಬ್ಯಾಲೆನ್ಸ್.

14:20 – ಜೇವರ್ಗಿಯ ಪ್ರಶ್ನೆ: ಕಣ್ಣು ಕೆಂಪು, ಮೂಗಿಗೆ ವಾಸನೆ

"ಅಣ್ಣಾ, ಸಂಡೇ ಅಂದ್ರ ನಮ್ಮ ಪೂಲಿಗಿ ಹದಿನೈದು ಇಪ್ಪತ್ತು ಹುಡುಗರು. ಇಳದು ಬಂದ್ರ ಕಣ್ಣು ಕೆಂಪ, ಕ್ಲೋರಿನ್ ವಾಸನಿ ಮೂಗಿಗಿ ಹೊಡಿತದ. ಜಾಸ್ತಿ ಆಗ್ಯದ ಅಂತ ಎರಡ್ ದಿನ ಕ್ಲೋರಿನ್ ಹಾಕೋದೇ ಬಿಟ್ಟೀವಿ."

ಬಹಳ ಜನ ನಂಬಿರುವುದು ಇದನ್ನೇ. ನಿಜ ಇದರ ಉಲ್ಟಾ. ಚೊಕ್ಕ ಪೂಲಿಗೆ ಅಂಥ ಘಾಟು ವಾಸನೆ ಇರುವುದಿಲ್ಲ.

ಬೆವರು, ಮೈಕೊಳೆ, ಹೌದ್ರಿ, ಮೂತ್ರವೂ ನೀರಿಗೆ ಸೇರುತ್ತದೆ. ಅದರೊಳಗಿನ ಸಾರಜನಕದ ಜೊತೆ ಕ್ಲೋರಿನ್ ಕೂಡಿದರೆ ಕ್ಲೋರಮೈನ್ ಆಗುತ್ತದೆ. ಕಣ್ಣು ಉರಿಸುವುದು, ಕೆಮ್ಮು ತರಿಸುವುದು, ಮೂಗಿಗೆ ಹೊಡೆಯುವುದು ಇದು. ಕ್ಲೋರಿನ್ ಕೈಕಾಲು ಕಟ್ಟಿ ಹಾಕಿದ ಹಾಗೆ, ಲೆಕ್ಕದಲ್ಲಿ ಇದೆ ಆದರೆ ಕೆಲಸಕ್ಕೆ ಇಲ್ಲ. ಅದಕ್ಕೇ ಹಳದಿ ಕಿಟ್ ನಂಬಬ್ಯಾಡ್ರಿ ಅಂದದ್ದು. ಅದು ಒಟ್ಟು ತೋರಿಸಿ ಕ್ಲೋರಿನ್ ಸಾಕಷ್ಟಿದೆ ಅನ್ನುತ್ತದೆ.

ಲೆಕ್ಕ ಸುಲಭ. ಒಟ್ಟು ಕ್ಲೋರಿನ್ 3, ಫ್ರೀ ಕ್ಲೋರಿನ್ 1 ಬಂತು ಅಂದರೆ ಕಟ್ಟಿ ಬಿದ್ದದ್ದು 2. ಅದನ್ನು ಒಡೆಯಲಿಕ್ಕೆ ಅದರ ಹತ್ತು ಪಟ್ಟು ಕ್ಲೋರಿನ್ ಒಂದೇ ಸಲ ಬೇಕು, ಅಂದರೆ 20 ಪಿಪಿಎಂ. 30,000 ಲೀಟರ್ ಪೂಲ್ ಆದರೆ 600 ಗ್ರಾಂ ಕ್ಲೋರಿನ್. 65 ಪರ್ಸೆಂಟ್ ಪುಡಿಯಲ್ಲಿ ಸುಮಾರು 920 ಗ್ರಾಂ. ಸಂಜೆ ಹಾಕಿ, ತಾಡಪತ್ರಿ ತೆಗೆದಿಟ್ಟು, ಫಿಲ್ಟರ್ ಓಡಿಸ್ರಿ. ಫ್ರೀ ಕ್ಲೋರಿನ್ 4ಕ್ಕಿಂತ ಕೆಳಗೆ ಇಳಿಯುವ ತನಕ ಯಾರೂ ಇಳಿಯಬಾರದು.

ಅದಕ್ಕಿಂತ ಅಗ್ಗದ ಉಪಾಯ ಒಂದಿದೆ. ಇಳಿಯುವ ಮೊದಲು ಎಲ್ಲರೂ ಸಾಬೂನು ಹಚ್ಚಿ ಎರಡು ಚೆಂಬು ನೀರು ಹಾಕಿಕೊಳ್ಳುವುದು. ಸಣ್ಣ ಮಕ್ಕಳನ್ನು ಗಂಟೆಗೊಮ್ಮೆ ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು. ತಲೆಗೆ ಎಣ್ಣೆ ಸುರಿದುಕೊಂಡು ಇಳಿಯುವುದು ಬ್ಯಾಡ.

ಎರಡು ದಿನ ಕ್ಲೋರಿನ್ ಬಿಟ್ಟರೆ ಏನಾಗುತ್ತದೆ? ಅಮೆರಿಕದ ಸಿಡಿಸಿ ಕೊಡುವ ಲೆಕ್ಕ ಕೇಳ್ರಿ. ಸರಿಯಾದ ಪಿಎಚ್‌ನಲ್ಲಿ 1 ಪಿಪಿಎಂ ಕ್ಲೋರಿನ್ ಇದ್ದರೆ ಇ-ಕೋಲಿ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಸುಮಾರು 16 ನಿಮಿಷ. ಜಿಯಾರ್ಡಿಯಾಕ್ಕೆ 45 ನಿಮಿಷ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಭೇದಿಯ ಜೀವಿ ಏಳು ದಿನಕ್ಕಿಂತ ಹೆಚ್ಚು ಬದುಕುತ್ತದೆ. ಅಂದರೆ ಎರಡು ವಿಷಯ. ಕ್ಲೋರಿನ್ ಸೊನ್ನೆ ಇದ್ದರೆ ಒಂದು ಮಗುವಿನ ಹೊಟ್ಟೆಯ ರೋಗ ಎಲ್ಲ ಮಕ್ಕಳಿಗೂ ಬರಬಹುದು. ಕ್ಲೋರಿನ್ ಸರಿ ಇದ್ದರೂ ಭೇದಿ ಆದ ಮಗುವನ್ನು ಪೂಲಿಗೆ ಬಿಡಬಾರದು, ಗುಣವಾದ ಮೇಲೂ ಎರಡು ವಾರ ಬ್ಯಾಡ.

ಇನ್ನೊಂದು ಅಪರೂಪದ್ದು, ಆದರೆ ಗೊತ್ತಿರಬೇಕು. ಕೇರಳದಲ್ಲಿ 2024ರಲ್ಲಿ ಮಿದುಳು ತಿನ್ನುವ ಅಮೀಬಾದಿಂದ ಮಕ್ಕಳು ತೀರಿಕೊಂಡ ಸುದ್ದಿ ಓದಿರುತ್ತೀರಿ. ನೇಗ್ಲೇರಿಯಾ ಅಂತ ಅದರ ಹೆಸರು. ಬೆಚ್ಚಗಿನ ಸಿಹಿ ನೀರಿನಲ್ಲಿ ಬದುಕುತ್ತದೆ, ನೀರು ಮೂಗಿಗೆ ಹೋದಾಗ ಮಿದುಳಿಗೆ ಏರುತ್ತದೆ. ಆ ನೀರು ಕುಡಿದರೆ ಈ ರೋಗ ಬರುವುದಿಲ್ಲ. ಸರಿಯಾಗಿ ಕ್ಲೋರಿನ್ ಇದ್ದ ನೀರಿನಲ್ಲಿ ಇದು ಉಳಿಯುವುದಿಲ್ಲ. ನಮ್ಮ ಬೇಸಿಗೆಯ ಬೆಚ್ಚನೆಯ ನೀರು, ಸೊನ್ನೆ ಕ್ಲೋರಿನ್, ಮೂಗು ಮುಚ್ಚದೆ ಜಿಗಿಯುವ ಹುಡುಗರು, ಇವು ಮೂರೂ ಒಂದೇ ಕಡೆ ಸೇರಬಾರದು.

18:00 – ಜೀವಕ್ಕೆ ಸಂಬಂಧಿಸಿದ ಮಾತು

ಇದನ್ನು ಫಾರ್ವರ್ಡ್ ಮಾಡಿದರೂ ಸಾಕು.

ಆಸಿಡ್ ಮತ್ತು ಕ್ಲೋರಿನ್ ಎಂದೂ ಸೇರಬಾರದು. ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಉಸಿರು ಕಟ್ಟಿಸುತ್ತದೆ. ಒಂದೇ ಮಗ್ಗು, ಒಂದೇ ಬಕೀಟು ಎರಡಕ್ಕೂ ಬಳಸಬ್ಯಾಡ್ರಿ. ಎರಡೂ ಹಾಕಬೇಕಿದ್ದರೆ ನಡುವೆ ಕೆಲವು ಗಂಟೆ ಬಿಡ್ರಿ.

ಟಿಸಿಸಿಎ ಗುಳಿಗೆ ಮತ್ತು ಬ್ಲೀಚಿಂಗ್ ಪೌಡರ್, ಎರಡೂ ಕ್ಲೋರಿನ್ನೇ ಅಲ್ಲ ಅಂತ ಒಂದೇ ಡಬ್ಬಿಗೆ ಹಾಕಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು.

ಯಾವಾಗಲೂ ನೀರಿಗೆ ಕೆಮಿಕಲ್ ಹಾಕ್ರಿ. ಕೆಮಿಕಲ್ ಮೇಲೆ ನೀರು ಸುರಿಯಬ್ಯಾಡ್ರಿ.

ಗೊಬ್ಬರ, ಎಣ್ಣೆ, ಡೀಸೆಲ್ ಇಟ್ಟ ತಗಡಿನ ಶೆಡ್‌ನಲ್ಲಿ ಇವನ್ನು ಇಡಬ್ಯಾಡ್ರಿ. ನೆರಳು, ಗಾಳಿ, ಮಕ್ಕಳ ಕೈಗೆ ಸಿಗದ ಎತ್ತರ. ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವ ಚಟ ಬಿಡ್ರಿ.

ಗ್ಯಾಸ್ ಮೂಗಿಗೆ ಹೋಗಿ ಕೆಮ್ಮು, ಉಸಿರಾಟದ ತೊಂದರೆ ಆದರೆ ಮೊದಲು ಬಯಲಿಗೆ ಬರ್ರಿ, ಆಮೇಲೆ 108.

ಪಂಪಿನ ಲೈನಿಗೆ ಆರ್‌ಸಿಸಿಬಿ ಇರಲೇಬೇಕು, ಅರ್ತಿಂಗ್ ಸರಿ ಇರಬೇಕು. ಒದ್ದೆ ಕೈ, ಕಟ್ಟಾದ ವೈರು, ಪೂಲ್ ನೀರು, ಈ ಮೂರರ ಸಹವಾಸ ಬ್ಯಾಡ.

ಕೆಮಿಕಲ್‌ಗಿಂತ ದೊಡ್ಡ ಅಪಾಯ ಮುಳುಗುವುದು. ಮೊಣಕಾಲು ಉದ್ದದ ನೀರಿನಲ್ಲೂ ಸಣ್ಣ ಮಗು ಸದ್ದಿಲ್ಲದೆ ಮುಳುಗುತ್ತದೆ. ಮೊಬೈಲ್ ಕೆಳಗಿಟ್ಟು ನೋಡುವ ಒಬ್ಬ ದೊಡ್ಡವರು ಇರಬೇಕು. ಕೃಷಿ ಹೊಂಡವನ್ನು ಪೂಲ್ ಮಾಡಿಕೊಳ್ಳುವ ಯೋಚನೆ ಇದ್ದರೆ ಇವತ್ತೇ ಕೈಬಿಡ್ರಿ. ಪ್ಲಾಸ್ಟಿಕ್ ಹಾಸಿದ ಇಳಿಜಾರು ಒದ್ದೆಯಾದರೆ ಈಜು ಬರುವವರಿಗೂ ಹತ್ತಲಿಕ್ಕೆ ಆಗುವುದಿಲ್ಲ. ಹೊಂಡಕ್ಕೆ ಬೇಲಿ ಹಾಕಿ, ಹಿಡಿದು ಹತ್ತಲಿಕ್ಕೆ ಹಗ್ಗ ಅಥವಾ ಟೈರು ಇಳಿಬಿಡ್ರಿ.

20:30 – ವಾರದ ಪಟ್ಟಿ

ದಿನಾ ಸಂಜೆ: ಪಿಎಚ್, ಫ್ರೀ ಕ್ಲೋರಿನ್ ಟೆಸ್ಟ್. ಹುಡುಗರು ಎದ್ದು ಬಂದ ಮೇಲೆ, ಹೊತ್ತು ಮುಳುಗಿದ ನಂತರ ಕ್ಲೋರಿನ್. ಕಸ, ಎಲೆ ಜಾಲರಿಯಿಂದ ತೆಗೆಯೋದು.

ಫಿಲ್ಟರ್: ಪೂಲ್‌ನ ಅಷ್ಟೂ ನೀರು ದಿನಕ್ಕೆ ಒಮ್ಮೆಯಾದರೂ ಫಿಲ್ಟರ್ ಒಳಗಿಂದ ಬರಬೇಕು. ಪಂಪು ಗಂಟೆಗೆ 3,000 ಲೀಟರ್ ಎತ್ತಿದರೆ 21,600 ಲೀಟರಿಗೆ 7 ಗಂಟೆ ಚಿಲ್ಲರೆ. ಹೊಲದಲ್ಲಿ ಕರೆಂಟ್ ಯಾವಾಗ ಬರ್ತದೋ ಹೇಳಲಿಕ್ಕೆ ಬರೂದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೇ ಪಂಪು ತಗೊಳ್ರಿ.

ವಾರಕ್ಕೊಮ್ಮೆ: ಆಲ್ಕಲಿನಿಟಿ ಟೆಸ್ಟ್, ಗೋಡೆ ತಿಕ್ಕೋದು, ಫಿಲ್ಟರ್ ತೊಳೆಯೋದು.

ತಿಂಗಳಿಗೊಮ್ಮೆ: ಗಡಸುತನ, ಸಯನ್ಯೂರಿಕ್ ಟೆಸ್ಟ್.

ಆಲ್ಕಲಿನಿಟಿ ಕಡಿಮೆ ಬಂದರೆ ಅಡುಗೆ ಸೋಡಾ ಸಾಕು, 10 ಪಿಪಿಎಂ ಏರಿಸಲಿಕ್ಕೆ 1000 ಲೀಟರಿಗೆ ಸುಮಾರು 17 ಗ್ರಾಂ. ನದಿ ನೀರು ಅಥವಾ ಮಳೆ ನೀರು ತುಂಬಿಸಿದವರಿಗೆ ಬೇಕಾಗಬಹುದು. ಬೋರ್‌ನವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

21:40 – ಕೊನೆಗೆ, ಪೂಲ್ ಇಲ್ಲದವರಿಗೆ

ಇಷ್ಟೊತ್ತು ಕೇಳಿದವರಲ್ಲಿ ಹೆಚ್ಚಿನವರ ಮನೆಯಲ್ಲಿ ಪೂಲ್ ಇಲ್ಲ, ಸಂಪ್ ಇದೆ. ಇದೇ ಸೂತ್ರ ಅಲ್ಲಿ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವುದು, ಕ್ಲೋರಿನ್ ಹಾಕಿದ ನೀರು ಮನೆ ತಲುಪಿದಾಗ ಕನಿಷ್ಠ 0.2 ಪಿಪಿಎಂ ಫ್ರೀ ಕ್ಲೋರಿನ್ ಉಳಿದಿರಬೇಕು, ಪಿಎಚ್ 6.5ರಿಂದ 8.5ರ ಒಳಗಿರಬೇಕು. 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಕದಡಿ, ತಿಳಿ ಹಾಕಿ, ಒಂದು ಗಂಟೆ ಬಿಟ್ಟು, ಟೆಸ್ಟ್ ಮಾಡಿ ಆಮೇಲೆ ಬಳಸ್ರಿ. ಕೆಸರು ನೀರಾದರೆ ಮೊದಲು ಪಟಿಕ ಆಡಿಸಿ ತಿಳಿಯಾಗಿಸ್ರಿ, ಕೆಸರಿನಲ್ಲಿ ಕ್ಲೋರಿನ್ ಸುಮ್ಮನೆ ಖರ್ಚಾಗುತ್ತದೆ. ಪೂಲ್ ಗುಳಿಗೆಯನ್ನು ಕುಡಿಯುವ ಸಂಪಿಗೆ ಎಂದೂ ಹಾಕಬ್ಯಾಡ್ರಿ. ನೈಟ್ರೇಟ್, ಫ್ಲೋರೈಡ್ ಕ್ಲೋರಿನ್‌ನಿಂದ ಹೋಗುವುದಿಲ್ಲ, ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು.

ಮಳೆಗಾಲ ಬಂದು ಪೂಲ್ ಖಾಲಿ ಮಾಡುವಾಗ ಅದನ್ನೂ ದಂಡ ಮಾಡಬ್ಯಾಡ್ರಿ. ಕ್ಲೋರಿನ್ ನಿಲ್ಲಿಸಿ, ಬಿಸಿಲಿಗೆ ತೆರೆದಿಟ್ಟು, ಟೆಸ್ಟ್‌ನಲ್ಲಿ ಸೊನ್ನೆ ಬಂದ ಮೇಲೆ ಅಂಗಳ ತೊಳೆಯಲಿಕ್ಕೆ, ಗೋಡೆ ಕ್ಯೂರಿಂಗ್ ಬಿಟ್ಟು ಉಳಿದ ಸಣ್ಣಪುಟ್ಟ ಕೆಲಸಕ್ಕೆ, ಗಟ್ಟಿ ಮರಗಳ ಬುಡಕ್ಕೆ ಹಂಚಿ ಬಿಡ್ರಿ. ಒಂದೇ ಕಡೆ ಸುರಿಯಬ್ಯಾಡ್ರಿ. ಎರಡು ತಿಂಗಳ ಉಪ್ಪು ಅದರಲ್ಲಿದೆ, ಸೋಡಿಯಂ ಜಾಸ್ತಿ ಆದರೆ ನಮ್ಮ ಎರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ಕೆರೆಗೆ, ಹಳ್ಳಕ್ಕೆ ಬಿಟ್ಟರೆ ಮೀನಿಗೆ ಕೇಡು.

ಮುಂದಿನ ವಾರ ಸಂಪ್ ತೊಳೆಯುವುದರ ಬಗ್ಗೆ ಮಾತಾಡೋಣ. ನಿಮ್ಮ ಬೋರ್ ನೀರಿನ ಲ್ಯಾಬ್ ಚೀಟಿ ಇದ್ದರೆ ಅಂಕಿಗಳನ್ನು ವಾಯ್ಸ್ ನೋಟ್‌ನಲ್ಲಿ ಓದಿ ಕಳಿಸ್ರಿ, ಹೆಸರು ಹೇಳದೆ ಲೆಕ್ಕ ಮಾಡಿ ತೋರಿಸ್ತೀನಿ. ಬರ್ತೀನ್ರಿ.